ತಾರಸಿಗೆ ಎಷ್ಟು ಕಾಂಕ್ರೀಟು ಬೇಕು?

ಮನೆಯ ತಾರಸಿ ಹಾಕುವ ಕೆಲಸವನ್ನು ಒಮ್ಮೆ ಆರಂಭಿಸಿದರೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ನೀರು ಬೆರೆತ ಸಾಮಾನ್ಯ ಸಿಮೆಂಟು 30 ನಿಮಿಷಗಳಿಗೆ ಮೊದಲು ಬಿಗಿಯತೊಡಗಬಾರದೆಂದು ಭಾರತೀಯ ಮಾನಕವು ವಿಧಿಸುತ್ತದೆ. ಆದರೆ ಒಮ್ಮೆ ಬಿಗಿಯತೊಡಗಿದ ಮೇಲೆ ಅದು ಯಾರಿಗಾಗಿಯೂ ಕಾಯುವುದಿಲ್ಲ. ನಡುವೆ ಸಾಮಗ್ರಿ ತೀರಿ ಕೆಲಸ ನಿಂತಿತೆನ್ನಿ. ಗಟ್ಟಿಯಾದ ಭಾಗಕ್ಕೂ ಅನಂತರ ಸುರಿದ ಭಾಗಕ್ಕೂ ಸರಿಯಾದ ಬೆಸುಗೆ ಏರ್ಪಡದೆ ದುರ್ಬಲವಾದ ಗೆರೆಯೊಂದು ಉಳಿದುಬಿಡುತ್ತದೆ. ಮಳೆನೀರು ಅದರ ಮೂಲಕ ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸಬಹುದು. ಆದುದರಿಂದ ಕಾಂಕ್ರೀಟಿನ ಲೆಕ್ಕವು ಹಣದ ಲೆಕ್ಕವಾಗಿರುವಷ್ಟೇ ಕಟ್ಟಡದ ಆಯುಸ್ಸಿನ ಲೆಕ್ಕವೂ ಹೌದು.

ನಾವು ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಾರಸಿಯ ಉದ್ದ 9 ಮೀಟರು, ಅಗಲ 6 ಮೀಟರು, ದಪ್ಪ 12.5 ಸೆಂಟಿಮೀಟರು. ಮೂರನ್ನೂ ಗುಣಿಸಿದರೆ 6.75 ಘನ ಮೀಟರು ಬರುತ್ತದೆ. ಸಿಮೆಂಟು ಒಂದು ಪಾಲು, ಮರಳು ಒಂದೂವರೆ ಪಾಲು, ಜಲ್ಲಿ ಮೂರು ಪಾಲು ಎಂಬುದು ಇಂತಹ ತಾರಸಿಗಳಿಗೆ ರೂಢಿಯಲ್ಲಿರುವ ಮಿಶ್ರಣ. ಒಟ್ಟು ಐದೂವರೆ ಪಾಲು.

ಹಾಗಾದರೆ 6.75ನ್ನು ಐದೂವರೆಯಿಂದ ಭಾಗಿಸಿದರೆ ಸಿಮೆಂಟಿನ ಪಾಲು ದೊರೆಯಬೇಕಲ್ಲವೆ? ದೊರೆಯುವುದಿಲ್ಲ. ಜಲ್ಲಿ ತುಂಬಿದ ಡಬ್ಬಿಯೊಂದಕ್ಕೆ ಮೆಲ್ಲಗೆ ಮರಳನ್ನು ಸುರಿದು ನೋಡಿ: ಡಬ್ಬಿ ಉಕ್ಕದೆಯೇ ಸಾಕಷ್ಟು ಮರಳು ಒಳಗೆ ಸೇರುತ್ತದೆ. ಜಲ್ಲಿಯ ಸಂದುಗಳನ್ನು ಮರಳೂ, ಮರಳಿನ ಸಂದುಗಳನ್ನು ಸಿಮೆಂಟೂ ನೀರೂ ತುಂಬುತ್ತವೆ. ಹೀಗಾಗಿ ಒಂದು ಘನ ಮೀಟರು ಕಾಂಕ್ರೀಟಿಗೆ ಸುಮಾರು 1.54 ಘನ ಮೀಟರು ಒಣ ಸಾಮಗ್ರಿ ಬೇಕೆಂದು ಲೆಕ್ಕಹಾಕುವುದು ವಾಡಿಕೆ.

ನಮ್ಮ ತಾರಸಿಗೆ ಒಣ ಸಾಮಗ್ರಿ ಸುಮಾರು 10.4 ಘನ ಮೀಟರು. ಅದರಲ್ಲಿ ಸಿಮೆಂಟು 1.89, ಮರಳು 2.84, ಜಲ್ಲಿ 5.67 ಘನ ಮೀಟರು. ಒಂದು ಘನ ಮೀಟರು ಸಡಿಲ ಸಿಮೆಂಟಿನ ತೂಕವನ್ನು 1440 ಕಿಲೋಗ್ರಾಮೆಂದು ಹಿಡಿದರೆ 50 ಕಿಲೋಗ್ರಾಮಿನ 55 ಚೀಲಗಳು ಬೇಕು. ಸಂದುಗಳನ್ನು ಮರೆತವನು 36 ಚೀಲ ತರಿಸುತ್ತಾನೆ. ಮೂರರಲ್ಲಿ ಎರಡು ಪಾಲು ತಾರಸಿ ಮುಗಿಯುವಷ್ಟರಲ್ಲಿ ಅವು ತೀರಿಹೋಗುತ್ತವೆ.

ಮರಳಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ತೇವದ ಮರಳಿನ ಕಣಗಳನ್ನು ನೀರಿನ ತೆಳುಪೊರೆ ದೂರ ತಳ್ಳುವುದರಿಂದ ಅದರ ಗಾತ್ರ ಶೇಕಡಾ 25ರಷ್ಟು ಹಿಗ್ಗಬಹುದು. ಪೆಟ್ಟಿಗೆ ತುಂಬಿದಂತೆ ಕಂಡರೂ ಒಳಗಿರುವ ಮರಳು ಕಡಿಮೆ. ಆದುದರಿಂದ ತೇವದ ಮರಳನ್ನು ಅಳೆಯುವಾಗ ಈ ಹಿಗ್ಗನ್ನು ಸೇರಿಸಿಕೊಳ್ಳಬೇಕು.

ಇನ್ನು ಅಳತೆಯ ತಪ್ಪುಗಳನ್ನು ಹೋಲಿಸೋಣ. ಉದ್ದದಲ್ಲಿ ಒಂದು ಸೆಂಟಿಮೀಟರು ಹೆಚ್ಚಾದರೆ ಬೇಕಾಗುವ ಹೆಚ್ಚಿನ ಕಾಂಕ್ರೀಟು ಏಳೂವರೆ ಲೀಟರು ಮಾತ್ರ. ಸೆಂಟ್ರಿಂಗ್ ಹಲಗೆಗಳು ಭಾರಕ್ಕೆ ಜಗ್ಗಿ ಎಲ್ಲೆಡೆ ದಪ್ಪ ಒಂದು ಸೆಂಟಿಮೀಟರು ಹೆಚ್ಚಾದರೆ 540 ಲೀಟರು! ಅದಕ್ಕೆ ನಾಲ್ಕು ಚೀಲಕ್ಕೂ ಮೀರಿ ಸಿಮೆಂಟು ಬೇಕು. ಉದ್ದದ ತಪ್ಪು ಒಂದು ಅಂಚಿನಲ್ಲಿಯೇ ಉಳಿಯುತ್ತದೆ. ದಪ್ಪದ ತಪ್ಪು 54 ಚದರ ಮೀಟರಿನ ಉದ್ದಗಲಕ್ಕೂ ಹರಡುತ್ತದೆ.

ಚೆಲ್ಲಿಹೋಗುವುದಕ್ಕಾಗಿ ಶೇಕಡಾ 5ರಷ್ಟು ಸೇರಿಸಿ ನಾವು 58 ಚೀಲ ತರಿಸಿದೆವೆಂದುಕೊಳ್ಳೋಣ. ಆ ಹೆಚ್ಚಿನ ಮೂರು ಚೀಲಗಳು ಒಂದು ಸೆಂಟಿಮೀಟರಿನ ಜಗ್ಗನ್ನೂ ತುಂಬಲಾರವು. ಆದುದರಿಂದ ಕಾಂಕ್ರೀಟು ಸುರಿಯುವ ಮುನ್ನ ಹಲಗೆಗಳ ಆಧಾರವನ್ನು ಭದ್ರಪಡಿಸಿ, ದಪ್ಪವನ್ನು ಹತ್ತಾರು ಕಡೆಗಳಲ್ಲಿ ಅಳೆದು ನೋಡತಕ್ಕದ್ದು. ಮೂರು ಅಳತೆಗಳಲ್ಲಿ ಅತಿ ಚಿಕ್ಕದಾದುದಕ್ಕೇ ಅತಿ ಹೆಚ್ಚಿನ ಎಚ್ಚರ ಬೇಕು.