ಸ್ಮಾರ್ಟ್ ಬಲ್ಬ್ ತಗೋತೀರಾ? ಮೊದಲು ಗೋಡೆ ಸ್ವಿಚ್ ನೋಡಿ

ಚಳ್ಳಕೆರೆ: ಮೊಬೈಲ್‌ನಲ್ಲೇ ಲೈಟ್ ಹಾಕೋ ಆಸೆಗೆ ಹಬ್, ಹತ್ತು ಬಲ್ಬ್ ಅಂತ ಒಟ್ಟಿಗೆ ಆರ್ಡರ್ ಮಾಡಬೇಡಿ. ವೈಫೈ ಬಲ್ಬ್‌ಗೆ ಹಬ್ ಬೇಕಿಲ್ಲ, ಮನೆಯ ರೂಟರ್ ಸಾಕು. ಜಿಗ್‌ಬೀ ಅಂತ ಬರೆದಿರೋ ಬಲ್ಬ್, ಸೆನ್ಸರ್‌ಗಳಿಗೆ ಸಾಮಾನ್ಯವಾಗಿ ಹಬ್ ಬೇಕು.

ಮೊದಲು ಒಂದೇ ಬಲ್ಬ್ ತನ್ನಿ. ನಮ್ಮ ಹೋಲ್ಡರ್‌ಗಳು ಹೆಚ್ಚಾಗಿ ಬಿ22, ಅಂದ್ರೆ ಎರಡು ಪಿನ್‌ನವು. ಇ27 ತಿರುಪಿನ ಬಲ್ಬ್ ಅದರಲ್ಲಿ ಕೂರಲ್ಲ. ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್ ವೈಫೈ ಆನ್ ಇರಲಿ. ಬಹುತೇಕ ಬಲ್ಬ್‌ಗಳಿಗೆ 5 ಗಿಗಾಹರ್ಟ್ಸ್ ಸಿಗಲ್ಲ.

ಗೋಡೆ ಸ್ವಿಚ್ ಸದಾ ಆನ್ ಇರಬೇಕು. ಅಜ್ಜಿ ಅಭ್ಯಾಸಬಲದಿಂದ ಆಫ್ ಮಾಡಿದ್ರೆ ಮೊಬೈಲ್ ಒತ್ತಿ ಪ್ರಯೋಜನ ಇಲ್ಲ. ಹಿರಿಯರಿರೋ ಮನೆಗೆ ಸ್ಮಾರ್ಟ್ ಸ್ವಿಚ್ಚೇ ವಾಸಿ ಅಂತೀನಿ. ಅದಕ್ಕೆ ಬೋರ್ಡ್‌ನಲ್ಲಿ ನ್ಯೂಟ್ರಲ್ ವೈರ್ ಇದೆಯಾ ಅಂತ ಎಲೆಕ್ಟ್ರೀಷಿಯನ್ ಕೈಲಿ ನೋಡಿಸಿ.

ಇನ್ನು ಕರೆಂಟ್ ವಿಷಯ. ಹೋಗಿ ಬಂದ ತಕ್ಷಣ ಎಷ್ಟೋ ಬಲ್ಬ್‌ಗಳು ತಾವೇ ಹತ್ಕೊಳ್ತವೆ. ಶಟರ್ ಎಳೆದು ಮನೆಗೆ ಹೋದವರಿಗೆ ಗೊತ್ತೇ ಆಗಲ್ಲ, ಬೆಳಗಿನವರೆಗೂ ಉರೀತಿರುತ್ತೆ. ಆ್ಯಪ್‌ನಲ್ಲಿ ‘ಕರೆಂಟ್ ಬಂದಾಗ ಹಿಂದಿನ ಸ್ಥಿತಿ’ ಅನ್ನೋ ಅರ್ಥದ ಸೆಟ್ಟಿಂಗ್ ಇದ್ರೆ ಅದನ್ನೇ ಆರಿಸಿ. ರೂಟರನ್ನೂ ಯುಪಿಎಸ್‌ಗೆ ಹಾಕಿ.

ಬಿಲ್ ಉಳಿಯುತ್ತೆ ಅಂತ ಮಾತ್ರ ಕೊಳ್ಳಬೇಡಿ. 9 ವ್ಯಾಟ್ ಬಲ್ಬ್ ದಿನಾ 12 ಗಂಟೆ ಉರಿದರೂ ತಿಂಗಳಿಗೆ 3.24 ಯೂನಿಟ್ ಅಷ್ಟೇ. ಗೃಹಜ್ಯೋತಿ ಅಂಗಡಿ ಮೀಟರ್‌ಗೆ ಇಲ್ಲ, ನಿಜ. ಆದರೂ ಅಂಗಡಿಯವರಿಗೆ ಅನುಕೂಲ ಅಂದ್ರೆ ಬೋರ್ಡ್ ಲೈಟ್‌ಗೆ ಟೈಮರ್ ಇಡೋದು.

ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮೇಲೆ ಬಣ್ಣ ಬದಲಾಗೋ ಬಲ್ಬ್ ಬೇಡ, ನೂಲಿನ ಬಣ್ಣ ಬೇರೆ ಕಾಣುತ್ತೆ. ಅಲ್ಲಿಗೆ ಡಬ್ಬದ ಮೇಲೆ ಸಿಆರ್‌ಐ 90 ಅಥವಾ ಹೆಚ್ಚು ಅಂತಿರೋ ಬಿಳಿ ಎಲ್‌ಇಡಿ ತನ್ನಿ.