ಊರು ಬಿಡದ ಕವಲುತೋಕೆ

ಮಕ್ಕಳೇ, ನಿಮ್ಮ ಶಾಲೆಯ ಸೂರಿನ ಕೆಳಗೆ ಅರ್ಧ ಬಟ್ಟಲಿನಂತಹ ಮಣ್ಣಿನ ಗೂಡು ಅಂಟಿಕೊಂಡಿದೆಯೇ? ಅದು ಕವಲುತೋಕೆ ಹಕ್ಕಿಯದಿರಬಹುದು. ಇದನ್ನು ಅಂಬರಗುಬ್ಬಿ ಎಂದೂ ಕರೆಯುತ್ತಾರೆ.

ಚಳಿಗಾಲದಲ್ಲಿ ಕೊಡಗಿನ ಗದ್ದೆಗಳ ಮೇಲೆ ಒಂದನ್ನೊಂದು ಹೋಲುವ ಎರಡು ಜಾತಿಯ ಕವಲುತೋಕೆಗಳು ಹಾರಾಡುತ್ತವೆ. ಒಂದು ಅತಿಥಿ. ಹಿಮಾಲಯ ಹಾಗೂ ಅದರಾಚೆಯ ನಾಡುಗಳಲ್ಲಿ ಮರಿಮಾಡುವ ಈ ಹಕ್ಕಿ, ಚಳಿಗೆ ಅಲ್ಲಿ ಹಾರುವ ಕೀಟಗಳು ಸಿಗದಾದಾಗ ಇತ್ತ ಬರುತ್ತದೆ. ಬೇಸಿಗೆಯ ಹೊತ್ತಿಗೆ ಹಿಂದಿರುಗುತ್ತದೆ. ಇನ್ನೊಂದು ಬೆಟ್ಟದ ಕವಲುತೋಕೆ. ದಕ್ಷಿಣ ಭಾರತದ ಬೆಟ್ಟಗಳು ಮತ್ತು ಶ್ರೀಲಂಕಾ, ಇಷ್ಟೇ ಇದರ ನಾಡು. ಇಲ್ಲಿ ವರ್ಷವಿಡೀ ಕೀಟಗಳು ಸಿಗುತ್ತವೆ. ಹಾಗಿರುವಾಗ ದೂರದೇಶಕ್ಕೆ ಏಕೆ ಹೋಗಬೇಕು?

ಗುರುತಿಸುವುದು ಹೇಗೆ? ಬೆಳೆದ ಅತಿಥಿಯ ಕೆಂಗಂದು ಗಂಟಲಿನ ಕೆಳಗೆ ಕಪ್ಪು ಪಟ್ಟಿಯಿರುತ್ತದೆ. ಬಾಲದ ತುದಿಯಲ್ಲಿ ತಂತಿಯಂತಹ ಎರಡು ಉದ್ದ ಗರಿಗಳಿರುತ್ತವೆ. ನಮ್ಮ ಹಕ್ಕಿಗೆ ಆ ಪಟ್ಟಿಯಿಲ್ಲ, ಬಾಲವೂ ಗಿಡ್ಡ. ಉದ್ದ ಸುಮಾರು 13 ಸೆಂ.ಮೀ. ಅತಿಥಿ ಇಲ್ಲಿ ಗೂಡು ಕಟ್ಟುವುದಿಲ್ಲ ಎಂಬುದೂ ನೆನಪಿರಲಿ. (ಗೂಡಿಗೆ ಹೂಜಿಯ ಕೊರಳಿನಂತಹ ಬಾಯಿದ್ದರೆ ಅದು ಬೇರೆಯೇ ಜಾತಿಯದು.)

ಇದರ ವೈಜ್ಞಾನಿಕ ಹೆಸರು ಹಿರುಂಡೊ ಡೊಮಿಕೋಲ. ಡೊಮಿಕೋಲ ಎಂದರೆ ಮನೆಯಲ್ಲಿ ವಾಸಿಸುವುದು! ತೋಟದ ಬಂಗಲೆ, ಸೇತುವೆಯ ಅಡಿ, ಎಲ್ಲಾದರೂ ಸರಿ, ಮಳೆ ತಾಗದ ಗೋಡೆ ಬೇಕು. ಕಾಲುಗಳು ಪುಟ್ಟವು, ನೆಲಕ್ಕಿಳಿಯುವುದು ಅಪರೂಪ. ಗೂಡು ಕಟ್ಟುವಾಗ ಮಾತ್ರ ಕೆಸರಿನ ಬಳಿ ಇಳಿದು, ಕೊಕ್ಕಿನಲ್ಲಿ ಸಣ್ಣ ಸಣ್ಣ ಉಂಡೆಗಳನ್ನು ತಂದು ಅಂಟಿಸುತ್ತದೆ. ಒಳಗೆ ಗರಿಗಳ ಮೆತ್ತೆ ಹಾಸಿ, ಸಾಮಾನ್ಯವಾಗಿ 2-3 ಮೊಟ್ಟೆಗಳನ್ನಿಡುತ್ತದೆ.

ಮಾರ್ಚ್‌ನಿಂದ ಮೇವರೆಗೆ ಗೂಡುಗಳಲ್ಲಿ ಮೊಟ್ಟೆ, ಮರಿಗಳು ಹೆಚ್ಚು. ಶಾಲೆಗೆ ಸುಣ್ಣ ಬಳಿಯುವುದೂ ಆಗಲೇ! ಬಳಿಯುವವರಿಗೆ ಗೂಡನ್ನು ಮೊದಲೇ ತೋರಿಸಿ. ಹಿಕ್ಕೆ ಬೀಳುವ ಜಾಗದಲ್ಲಿ ಹಳೆಯ ರಟ್ಟು ಹಾಸಿದರೆ ಜಗಲಿಯೂ ಕೊಳೆಯಾಗದು.