ಬ್ಯಾಕಪ್ ಇದ್ದರೆ ಸಾಕೇ? ಸರ್ವರ್ ಕೆಟ್ಟಾಗ ನಿಜಕ್ಕೂ ಆಗುವುದೇನು?

ನಂಬಿಕೆ: ದಿನವೂ ಬ್ಯಾಕಪ್ ಆಗುತ್ತಿದ್ದರೆ ಸರ್ವರ್ ಕೆಟ್ಟರೂ ಚಿಂತೆಯಿಲ್ಲ.

ವಾಸ್ತವ: ಬ್ಯಾಕಪ್ ಅರ್ಧ ಕೆಲಸ ಮಾತ್ರ. ಅದನ್ನು ಬೇರೊಂದು ಕಡೆ ಹಾಕಿ, ಓಡಿಸಿ ನೋಡುವವರೆಗೂ ಅದು ಕೆಲಸಕ್ಕೆ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ.

ಒಂದು ಊರಿನ ಪತ್ತಿನ ಸಹಕಾರ ಸಂಘವನ್ನು ಕಲ್ಪಿಸಿಕೊಳ್ಳಿ. ಮೂಲೆಯ ಕೋಣೆಯಲ್ಲಿ ಹಳೆಯ ಸರ್ವರ್. ಸದಸ್ಯರ ಠೇವಣಿ, ಸಾಲ, ಬಡ್ಡಿಯ ಲೆಕ್ಕವೆಲ್ಲ ಅದರಲ್ಲೇ. ಪ್ರತಿ ರಾತ್ರಿ ಪಕ್ಕದ ಹಾರ್ಡ್ ಡಿಸ್ಕ್‌ಗೆ ಬ್ಯಾಕಪ್ ಆಗುತ್ತದೆ, ಬೆಳಿಗ್ಗೆ ಪರದೆಯ ಮೇಲೆ ಹಸಿರು ಟಿಕ್ ಕಾಣುತ್ತದೆ. ಒಂದು ದಿನ ಸರ್ವರ್‌ನ ಮದರ್‌ಬೋರ್ಡ್ ಕೈಕೊಡುತ್ತದೆ. 'ಬ್ಯಾಕಪ್ ಇದೆಯಲ್ಲ, ಬಿಡಿ' ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಆ ಮಾದರಿಯ ಸರ್ವರ್ ಈಗ ಮಾರಾಟಕ್ಕೇ ಇಲ್ಲ. ಹಾಗಾದರೆ ಬ್ಯಾಕಪ್ ಅನ್ನು ಹಾಕುವುದು ಎಲ್ಲಿಗೆ?

ಇಂಥ ಕಡೆ ನೆರವಿಗೆ ಬರುವುದೇ ವರ್ಚುವಲ್ ಮಷೀನ್.

ಇಮೇಜ್ ಬ್ಯಾಕಪ್ ಎಂದರೇನು?

ನಾವು ಫೋನಿನ ಫೋಟೋಗಳನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡರೆ ಅದು ಫೈಲ್‌ಗಳ ನಕಲು. ಇಮೇಜ್ ಬ್ಯಾಕಪ್ ಹಾಗಲ್ಲ. ಅದರಲ್ಲಿ ಇಡೀ ಡಿಸ್ಕ್ ಒಂದೇ ಕಡತವಾಗಿ ಅಚ್ಚಾಗುತ್ತದೆ: ಆಪರೇಟಿಂಗ್ ಸಿಸ್ಟಂ, ತಂತ್ರಾಂಶಗಳು, ಸೆಟ್ಟಿಂಗ್‌ಗಳು, ಪಾಸ್‌ವರ್ಡ್‌ಗಳು, ಮಾಹಿತಿ, ಜೊತೆಗೆ ಕಂಪ್ಯೂಟರ್ ಆನ್ ಆಗಲು ಬೇಕಾದ ಬೂಟ್ ಭಾಗವೂ ಸೇರಿ. ಇಲ್ಲಿ 'ಇಮೇಜ್' ಎಂದರೆ ಫೋಟೋ ಅಲ್ಲ, ಡಿಸ್ಕಿನ ಪಡಿಯಚ್ಚು.

ಇದರ ಲಾಭ ದೊಡ್ಡದು. ತಂತ್ರಾಂಶಗಳನ್ನು ಒಂದೊಂದಾಗಿ ಮತ್ತೆ ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ಆದರೆ ಆ ಪಡಿಯಚ್ಚಿಗೆ ಗೊತ್ತಿರುವುದು ಹಳೆಯ ಯಂತ್ರ ಮಾತ್ರ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಕಂಪ್ಯೂಟರಿನೊಳಗೊಂದು ಕಂಪ್ಯೂಟರ್

ಒಂದು ನಿಜವಾದ ಕಂಪ್ಯೂಟರಿನ ಪ್ರಾಸೆಸರ್, ಮೆಮೊರಿ, ಡಿಸ್ಕ್‌ಗಳನ್ನು ಪಾಲು ಮಾಡಿ, ಅದರೊಳಗೆ ಹಲವು ಕಂಪ್ಯೂಟರ್‌ಗಳಿರುವಂತೆ ತೋರಿಸುವ ತಂತ್ರಾಂಶಗಳಿವೆ. ಇವಕ್ಕೆ ಹೈಪರ್‌ವೈಸರ್ ಎಂದು ಹೆಸರು. ವಿಎಂವೇರ್, ಹೈಪರ್-ವಿ, ವರ್ಚುವಲ್‌ಬಾಕ್ಸ್, ಕೆವಿಎಂ ಇವುಗಳಲ್ಲಿ ಕೆಲವು. ಒಳಗಿನ ಪ್ರತಿ 'ಕಂಪ್ಯೂಟರ್' ಒಂದು ವರ್ಚುವಲ್ ಮಷೀನ್. ಈ ಆಲೋಚನೆ ಹೊಸದೇನಲ್ಲ. ಐಬಿಎಂನ ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರ್‌ಗಳಲ್ಲಿ 1960ರ ದಶಕದಿಂದಲೇ ಇದೆ.

ಅನುಕೂಲ ಏನೆಂದರೆ, ಹೊಸ ಸರ್ವರ್ ಕೊಳ್ಳದೆಯೇ ಕೆಲವೇ ನಿಮಿಷಗಳಲ್ಲಿ ಒಂದು ಖಾಲಿ 'ಯಂತ್ರ' ಸಿದ್ಧವಾಗುತ್ತದೆ. ಪ್ರಯೋಗ ಕೆಟ್ಟರೆ ಅಳಿಸಿ ಮತ್ತೊಂದು ಮಾಡಿಕೊಳ್ಳಬಹುದು.

ರೀಸ್ಟೋರ್ ಮಾಡುವುದು ಹೇಗೆ?

1. ಖಾಲಿ ವರ್ಚುವಲ್ ಮಷೀನ್ ಮಾಡಿಕೊಳ್ಳಬೇಕು. ಅದರ ಡಿಸ್ಕ್ ಹಳೆಯ ಡಿಸ್ಕಿನಷ್ಟಾದರೂ ಇರಲಿ. ಅದಕ್ಕಿಂತ ಚಿಕ್ಕದಾದರೆ ಅನೇಕ ತಂತ್ರಾಂಶಗಳು ಇಮೇಜ್ ಬರೆಯಲು ಒಪ್ಪುವುದಿಲ್ಲ.

2. ಹಳೆಯ ಸರ್ವರ್ ಬಯಾಸ್ ಪದ್ಧತಿಯಲ್ಲಿ ಆನ್ ಆಗುತ್ತಿತ್ತೋ, ಯುಇಎಫ್‌ಐ ಪದ್ಧತಿಯಲ್ಲೋ ನೋಡಿ ಅದನ್ನೇ ಆರಿಸಬೇಕು.

3. ಬ್ಯಾಕಪ್ ತಂತ್ರಾಂಶದ ರೆಸ್ಕ್ಯೂ ಡಿಸ್ಕಿನಿಂದ ಆ ಮಷೀನ್ ಅನ್ನು ಆನ್ ಮಾಡಿ, ಇಮೇಜ್ ಇರುವ ಜಾಗ ತೋರಿಸಿ, ಡಿಸ್ಕಿಗೆ ಬರೆಯಿಸಬೇಕು.

4. ಹೊರಗಿನ ನೆಟ್‌ವರ್ಕ್ ಸಂಪರ್ಕ ತಪ್ಪಿಸಿ, ರೀಸ್ಟಾರ್ಟ್ ಮಾಡಬೇಕು.

ಓದಲು ನಾಲ್ಕೇ ಸಾಲು. ಆದರೆ ಮೊದಲ ಪ್ರಯತ್ನದಲ್ಲೇ ಎಲ್ಲವೂ ಸರಿಹೋಗುತ್ತದೆ ಎಂದುಕೊಳ್ಳುವ ಹಾಗಿಲ್ಲ.

ಆನ್ ಆಗದಿದ್ದರೆ?

ಎರಡನೆಯ ಹಂತದಲ್ಲಿ ತಪ್ಪಿದರೆ 'ಬೂಟ್ ಮಾಡಲು ಡಿಸ್ಕ್ ಸಿಗಲಿಲ್ಲ' ಎಂಬ ಸಂದೇಶ ಬರುತ್ತದೆ. ಮಾಹಿತಿ ಹಾಳಾಗಿರುವುದಿಲ್ಲ, ಬಾಗಿಲು ಬೇರೆ ಕಡೆ ಇರುತ್ತದೆ ಅಷ್ಟೇ.

ಇನ್ನೊಂದು ತೊಂದರೆ ಡ್ರೈವರ್‌ನದು. ಡಿಸ್ಕ್ ಅನ್ನು ಓದಲು ಆಪರೇಟಿಂಗ್ ಸಿಸ್ಟಂಗೆ ಅದರ ಡ್ರೈವರ್ ಬೇಕು. ಹಳೆಯ ಸರ್ವರ್‌ನ ಡ್ರೈವರ್ ಇಟ್ಟುಕೊಂಡ ವಿಂಡೋಸ್ ಹೊಸ 'ಯಂತ್ರ'ದ ಡಿಸ್ಕ್ ಗುರುತಿಸಲಾಗದೆ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ವರ್ಚುವಲ್ ಡಿಸ್ಕಿನ ಬಗೆಯನ್ನು ಸಾಟಾ ಅಥವಾ ಐಡಿಇ ಎಂದು ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಇಲ್ಲವಾದರೆ ರೆಸ್ಕ್ಯೂ ಡಿಸ್ಕಿನಿಂದ ಹೊಸ ಡ್ರೈವರ್ ಸೇರಿಸಬೇಕು.

ಮೂರನೆಯದು ಡೇಟಾಬೇಸ್‌ನದು. ಓಡುತ್ತಿರುವ ಮಗುವಿನ ಫೋಟೋ ತೆಗೆದರೆ ಮಸುಕಾಗುವುದಿಲ್ಲವೇ? ಹಾಗೆಯೇ ಲೆಕ್ಕ ಬರೆಯುತ್ತಿರುವಾಗಲೇ ಇಮೇಜ್ ತೆಗೆದರೆ ಅರ್ಧ ಬರೆದ ದಾಖಲೆ ಅದರಲ್ಲಿ ಸೇರಿಕೊಳ್ಳಬಹುದು. ಅದಕ್ಕಾಗಿಯೇ ಒಳ್ಳೆಯ ಬ್ಯಾಕಪ್ ತಂತ್ರಾಂಶಗಳು ಡೇಟಾಬೇಸ್‌ಗೆ 'ಒಂದು ಕ್ಷಣ ನಿಲ್ಲು' ಎಂದು ಹೇಳಿ ಇಮೇಜ್ ತೆಗೆಯುತ್ತವೆ. ಆದ್ದರಿಂದ ಮಷೀನ್ ಆನ್ ಆದರಷ್ಟೇ ಸಾಲದು. ತಂತ್ರಾಂಶ ತೆರೆದು, ನಿನ್ನೆಯ ಲೆಕ್ಕ ತಾಳೆಯಾಗುತ್ತದೆಯೇ ಎಂದೂ ನೋಡಬೇಕು.

ಆನ್ ಆದಮೇಲೂ ಒಂದು ಅಪಾಯ

ನಾಲ್ಕನೆಯ ಹಂತದಲ್ಲಿ ನೆಟ್‌ವರ್ಕ್ ತಪ್ಪಿಸಲು ಹೇಳಿದ್ದೇಕೆ? ರೀಸ್ಟೋರ್ ಆದ ಪ್ರತಿಗೆ ತಾನು ಪ್ರತಿ ಎಂದು ಗೊತ್ತಿರುವುದಿಲ್ಲ. ಎದ್ದ ಕೂಡಲೇ ಅದು ತನ್ನ ನಿತ್ಯದ ಕೆಲಸ ಶುರು ಮಾಡುತ್ತದೆ: ಸದಸ್ಯರಿಗೆ ಎಸ್‌ಎಂಎಸ್ ಕಳಿಸುತ್ತದೆ, ಬಾಕಿ ನೋಟಿಸ್ ಮೇಲ್ ಮಾಡುತ್ತದೆ. ಅಸಲಿ ಸರ್ವರ್ ಇನ್ನೂ ಓಡುತ್ತಿದ್ದರೆ ಎರಡಕ್ಕೂ ಒಂದೇ ಐಪಿ ವಿಳಾಸವಾಗಿ ಎರಡೂ ತಡವರಿಸುತ್ತವೆ.

2017ರ ಒಂದು ರಾತ್ರಿ

ಬ್ಯಾಕಪ್ ಇದ್ದೂ ಇಲ್ಲದಂತಾಗುವುದು ಸಣ್ಣ ಕಚೇರಿಗಳಲ್ಲಿ ಮಾತ್ರ ಎಂದುಕೊಳ್ಳಬೇಡಿ. ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಡುವ ಜಾಲತಾಣ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರ ರಾತ್ರಿ ಒಂದು ಅನಾಹುತವಾಯಿತು. ಎರಡನೆಯ ಸರ್ವರ್‌ನ ತೊಂದರೆ ಸರಿಪಡಿಸುತ್ತಿದ್ದ ಎಂಜಿನಿಯರ್ ಒಬ್ಬರು ಅಳಿಸುವ ಆದೇಶವನ್ನು ಮುಖ್ಯ ಸರ್ವರ್‌ನಲ್ಲಿ ಕೊಟ್ಟುಬಿಟ್ಟರು. ಒಂದೆರಡು ಕ್ಷಣದಲ್ಲೇ ತಪ್ಪು ತಿಳಿದು ನಿಲ್ಲಿಸಿದರೂ, ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ.

ಬ್ಯಾಕಪ್ ಹುಡುಕಿದರೆ, ಇರಬೇಕಾದ ಜಾಗ ಖಾಲಿ! ಬ್ಯಾಕಪ್ ತೆಗೆಯುವ ತಂತ್ರಾಂಶದ ಆವೃತ್ತಿಯೂ ಡೇಟಾಬೇಸ್‌ನ ಆವೃತ್ತಿಯೂ ಹೊಂದದೆ ಅದು ಪ್ರತಿ ಸಲ ವಿಫಲವಾಗುತ್ತಿತ್ತು. ಆ ವೈಫಲ್ಯವನ್ನು ತಿಳಿಸುವ ಇಮೇಲ್‌ಗಳು ತಿರಸ್ಕೃತವಾಗುತ್ತಿದ್ದವು. ಹಾಗಾಗಿ ಯಾರಿಗೂ ಸುಳಿವೇ ಇರಲಿಲ್ಲ. ಕೊನೆಗೆ ಅವರನ್ನು ಉಳಿಸಿದ್ದು ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ತಾಣ ಮತ್ತೆ ಎದ್ದು ನಿಲ್ಲಲು ಸುಮಾರು 18 ಗಂಟೆ ಬೇಕಾಯಿತು. ನಡುವಿನ ಆರು ಗಂಟೆಗಳ ಡೇಟಾಬೇಸ್ ಬದಲಾವಣೆಗಳು ಮರಳಿ ಬರಲಿಲ್ಲ.

ಗಮನಿಸಿ, ಅಲ್ಲಿ ಬ್ಯಾಕಪ್ ಮಾಡಲು ಯಾರೂ ಮರೆತಿರಲಿಲ್ಲ. ರೀಸ್ಟೋರ್ ಮಾಡಿ ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು.

ಬ್ಯಾಕಪ್ ಎಲ್ಲಿಡಬೇಕು?

ನಮ್ಮ ಸಹಕಾರ ಸಂಘದ ಹಾರ್ಡ್ ಡಿಸ್ಕ್ ಸರ್ವರ್ ಪಕ್ಕದಲ್ಲೇ ಇತ್ತು. ಕೆಟ್ಟದ್ದು ಮದರ್‌ಬೋರ್ಡ್ ಆದ್ದರಿಂದ ಅದು ಉಳಿಯಿತು. ಸಿಡಿಲು ಬಡಿದಿದ್ದರೆ ಎರಡೂ ಹೋಗಬಹುದಿತ್ತು. ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ 2025ರ ಸೆಪ್ಟೆಂಬರ್ 26ರಂದು ಬೆಂಕಿ ಬಿದ್ದಾಗ, ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ವ್ಯವಸ್ಥೆಯೊಂದು ನಾಶವಾಯಿತು. ಅದರಲ್ಲಿದ್ದ 858 ಟಿಬಿ ಮಾಹಿತಿಗೆ ಬೇರೆ ಕಡೆ ಬ್ಯಾಕಪ್ ಇರಲಿಲ್ಲ.

ಅದಕ್ಕೇ ತಜ್ಞರು ಹೇಳುವ ಲೆಕ್ಕ 3-2-1: ಮಾಹಿತಿಯ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ.

ನಿಮ್ಮ ಫೋನಿಗೂ ಇದೇ ಮಾತು

'ನನ್ನ ಹತ್ತಿರ ಸರ್ವರ್ ಇಲ್ಲವಲ್ಲ' ಎನ್ನಬೇಡಿ. ವಾಟ್ಸ್‌ಆ್ಯಪ್‌ನ ಬ್ಯಾಕಪ್‌ಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಹಾಕಿ, ಅದರ ಪಾಸ್‌ವರ್ಡ್ ಮರೆತರೆ ಫೋನ್ ಕಳೆದ ದಿನ ಆ ಬ್ಯಾಕಪ್ ಇದ್ದೂ ಉಪಯೋಗವಿಲ್ಲ, ಕಂಪನಿಯೂ ತೆರೆದುಕೊಡಲಾರದು. ಫೋಟೋಗಳು ಕ್ಲೌಡ್ ಜೊತೆ ಸಿಂಕ್ ಆಗುತ್ತಿದ್ದರೆ, ಫೋನಿನಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಸಿಹೋಗಬಹುದು. ಸಿಂಕ್ ಬೇರೆ, ಬ್ಯಾಕಪ್ ಬೇರೆ.

ನಿಮ್ಮ ಸಂಘ, ಶಾಲೆ, ಕ್ಲಿನಿಕ್ ಅಥವಾ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವವರನ್ನು 'ಬ್ಯಾಕಪ್ ಆಗುತ್ತಿದೆಯಾ?' ಎಂದು ಕೇಳಿದರೆ 'ಹೌದು' ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಅದರ ಬದಲು 'ಕೊನೆಯ ಸಲ ರೀಸ್ಟೋರ್ ಮಾಡಿ ನೋಡಿದ್ದು ಯಾವಾಗ? ಎಷ್ಟು ಹೊತ್ತು ಹಿಡಿಯಿತು?' ಎಂದು ಕೇಳಿ. ಉತ್ತರ ಸಿಗದಿದ್ದರೆ, ಒಂದು ರಜಾದಿನ ವರ್ಚುವಲ್ ಮಷೀನ್‌ನಲ್ಲಿ ಹಾಕಿ ನೋಡಲು ಹೇಳಿ. ಆ ದಿನ ಸಿಕ್ಕ ತಪ್ಪನ್ನು ಬಿಡುವಾಗಿ ತಿದ್ದಿಕೊಳ್ಳಬಹುದು. ಸರ್ವರ್ ಕೆಟ್ಟ ದಿನ ಆ ಬಿಡುವು ಇರುವುದಿಲ್ಲ.